ಕೊಬೊ ಕ್ಲಾರಾ ಎಚ್‌ಡಿ ಇ-ರೀಡರ್‌ಗೆ ಕರ್ನಲ್ ಮಾಡ್ಯೂಲ್: ಸೋರ್ಸ್ ಆರಿಸುವುದರಿಂದ ಲೋಡ್ ಆಗುವ ತನಕ

ಮಾಡ್ಯೂಲ್ ಕಂಪೈಲ್ ಆಗುತ್ತದೆ. ಒಂದೂ ದೋಷ ಬರುವುದಿಲ್ಲ. ಇ-ರೀಡರ್‌ಗೆ ಹಾಕಿ ಲೋಡ್ ಮಾಡಲು ಹೋದರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂಬ ಒಂದೇ ಸಾಲು. ಈ ಕೆಲಸಕ್ಕೆ ಕೈ ಹಾಕಿದ ಬಹಳ ಜನ ನಿಂತುಬಿಡುವುದು ಇಲ್ಲೇ. ಆಮೇಲೆ ಕಂಪೈಲರ್ ಬದಲಿಸುತ್ತಾರೆ, ಕರ್ನಲ್‌ನ ಇನ್ನೊಂದು ಸೋರ್ಸ್ (ಮೂಲ ಕೋಡ್) ಇಳಿಸುತ್ತಾರೆ, ಕೊನೆಗೆ ಬೇಸತ್ತು ಬಲವಂತವಾಗಿ ಲೋಡ್ ಮಾಡಿ ಸಾಧನವನ್ನು ಕೆಡಿಸಿಕೊಳ್ಳುತ್ತಾರೆ.

ತೊಂದರೆ ಕಂಪೈಲ್ ಮಾಡುವುದರಲ್ಲಿ ಇಲ್ಲ. ಮಾಡ್ಯೂಲ್ ತನ್ನಷ್ಟಕ್ಕೆ ತಾನು ಓಡುವ ಪ್ರೋಗ್ರಾಂ ಅಲ್ಲ. ಅದು ಓಡುತ್ತಿರುವ ಕರ್ನಲ್‌ನ, ಅಂದರೆ ಸಾಧನವನ್ನು ನಡೆಸುವ ಲಿನಕ್ಸ್‌ನ ತಿರುಳಿನ, ಒಳಗೇ ಹೋಗಿ ಸೇರುವ ತುಂಡು. ಕರ್ನಲ್ ತನ್ನ ಮಾಹಿತಿಯನ್ನು ಮೆಮೊರಿಯ ಯಾವ ಜಾಗದಲ್ಲಿ ಇಟ್ಟಿದೆಯೋ, ಮಾಡ್ಯೂಲ್ ಕೂಡ ಸರಿಯಾಗಿ ಅದೇ ಜಾಗದಲ್ಲಿ ಹುಡುಕಬೇಕು. ಆದ್ದರಿಂದ ಈ ಕೆಲಸದ ಹೆಚ್ಚಿನ ಪಾಲು ತಾಳೆ ನೋಡುವುದೇ. ದರ್ಜಿಗೆ ಅಳತೆಗೆ ಅಂತ ಹಳೆಯ ಬ್ಲೌಸ್ ಒಂದನ್ನು ಕೊಡುತ್ತೇವಲ್ಲ, ಹಾಗೆ ಇಲ್ಲೂ ಒಂದು ‘ಅಳತೆ ಮಾಡ್ಯೂಲ್’ ಇದೆ. ಅದು ನಿಮ್ಮ ಸಾಧನದಲ್ಲೇ ಕೂತಿದೆ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು 2018ರಲ್ಲಿ ಬಂದ ಕೊಬೊ ಕ್ಲಾರಾ ಎಚ್‌ಡಿ. ಒಳಗೆ ಐ.ಎಂಎಕ್ಸ್ 6ಎಸ್‌ಎಲ್‌ಎಲ್ ಚಿಪ್, 512 ಎಂಬಿ ಮೆಮೊರಿ, 4.1.15 ಕರ್ನಲ್. ಕಟ್ಟಲಿರುವ ಮಾಡ್ಯೂಲ್ ‘ಟನ್’, ಅಂದರೆ ವಿಪಿಎನ್‌ಗೆ ಬೇಕಾಗುವ ಟನಲ್ ಡ್ರೈವರ್. ಬೇರೆ ಮಾದರಿಯಾದರೆ ಸಂಖ್ಯೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಆಜ್ಞೆಗಳನ್ನೂ ಫೈಲುಗಳ ಹೆಸರನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

## ಬೇಕಾದ ಸಾಮಾನು

ಲಿನಕ್ಸ್ ಇರುವ ಒಂದು ಕಂಪ್ಯೂಟರ್. ಅದರಲ್ಲಿ 8 ಜಿಬಿ ಕಾರ್ಡಿನ ನಕಲೂ ಸೋರ್ಸೂ ಹಿಡಿಸುವಷ್ಟು ಖಾಲಿ ಜಾಗ. ಮೈಕ್ರೋಎಸ್‌ಡಿ ಕಾರ್ಡ್ ರೀಡರ್. ಯುಎಸ್‌ಬಿ ಕೇಬಲ್. ಸಾಧನದ ಬೆನ್ನಿನ ಮುಚ್ಚಳ ತೆಗೆಯಲು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಆದರೂ ಸಾಕು, ಆದರೆ ಸ್ಕ್ರೂಡ್ರೈವರ್ ಮಾತ್ರ ಬೇಡ.

ಸಾಧನದ ಒಳಗೆ ಆಜ್ಞೆ ಕೊಡಲು ಒಂದು ದಾರಿ ಬೇಕು. ಕೋರೀಡರ್ ಎಂಬ ಓದುವ ಆ್ಯಪ್ ಹಾಕಿಕೊಂಡಿದ್ದರೆ ಅದರಲ್ಲೇ ಎಸ್‌ಎಸ್‌ಎಚ್ ಸರ್ವರ್ (ಕಂಪ್ಯೂಟರ್‌ನಿಂದ ಸಾಧನಕ್ಕೆ ಆಜ್ಞೆ ಕೊಡಲು ಬಿಡುವ ಪ್ರೋಗ್ರಾಂ) ಇದೆ. ಅದನ್ನು ಆನ್ ಮಾಡಿದರೆ 2222ನೇ ಪೋರ್ಟ್‌ನಲ್ಲಿ ಕೇಳುತ್ತಿರುತ್ತದೆ. ಇದೇ ಎಲ್ಲಕ್ಕಿಂತ ಸುಲಭದ ದಾರಿ.

ಕಂಪ್ಯೂಟರ್‌ನಲ್ಲಿ ಬಿಲ್ಡ್-ಎಸೆನ್ಶಿಯಲ್, ಎನ್‌ಕರ್ಸಸ್ ಡೆವಲಪ್‌ಮೆಂಟ್ ಪ್ಯಾಕೇಜ್, ‘ಬಿಸಿ’, ‘ಎಲ್‌ಝಡ್‌ಒಪಿ’, ‘ಕೆಮಾಡ್’ ಎಂಬ ಪ್ಯಾಕೇಜ್‌ಗಳು ಇರಲಿ. ‘ಬಿಸಿ’ ಮತ್ತು ‘ಎಲ್‌ಝಡ್‌ಒಪಿ’ಯನ್ನು ಎಲ್ಲರೂ ಮರೆಯುತ್ತಾರೆ. ಮೊದಲನೆಯದು ಇಲ್ಲದಿದ್ದರೆ ಬಿಲ್ಡ್ ಶುರುವಿನಲ್ಲೇ ನಿಲ್ಲುತ್ತದೆ. ಎರಡನೆಯದು ಇಲ್ಲದಿದ್ದರೆ ಎಲ್ಲ ಮುಗಿದು ಕರ್ನಲ್‌ ಕುಗ್ಗಿಸುವ ಹೊತ್ತಿಗೆ ನಿಲ್ಲಬಹುದು.

## ಹಂತ 1: ಕಾರ್ಡಿನ ಪೂರ್ತಿ ನಕಲು

ಕ್ಲಾರಾ ಎಚ್‌ಡಿಯ ಒಳಗಿನ ಸಂಗ್ರಹ ನಿಜವಾಗಿ ಒಂದು 8 ಜಿಬಿ ಮೈಕ್ರೋಎಸ್‌ಡಿ ಕಾರ್ಡ್. ಅದನ್ನು ಹೊರಗೆ ತೆಗೆಯಬಹುದು. ಈ ಒಂದು ಕಾರಣಕ್ಕೇ ಪ್ರಯೋಗಕ್ಕೆ ಈ ಮಾದರಿಯನ್ನು ನಾನು ಇಷ್ಟಪಡುತ್ತೇನೆ. ಏನೇ ಕೆಟ್ಟರೂ ಕಾರ್ಡಿಗೆ ಹಳೆಯ ನಕಲು ಬರೆದರೆ ಸಾಧನ ಮತ್ತೆ ಎದ್ದು ಕೂರುತ್ತದೆ.

ಸಾಧನವನ್ನು ಪೂರ್ತಿ ಆಫ್ ಮಾಡಿ. ಬೆನ್ನಿನ ಮುಚ್ಚಳದ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ನಿಧಾನವಾಗಿ ಸುತ್ತ ಬಿಡಿಸಿ. ಪಟ್ಟಿಯನ್ನು ಜಾಸ್ತಿ ಒಳಗೆ ನುಗ್ಗಿಸಬೇಡಿ. ಪರದೆ ಗಾಜಿನದು, ಬೇಗ ಬಿರುಕು ಬಿಡುತ್ತದೆ. ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿ, ‘ಡಿಡಿ’ ಆಜ್ಞೆಯಿಂದ ಪೂರ್ತಿ ಕಾರ್ಡನ್ನು ಒಂದು ಫೈಲ್ ಆಗಿ ಉಳಿಸಿಕೊಳ್ಳಿ.

ಇಲ್ಲಿ ಆಗುವ ತಪ್ಪು ಎಂದರೆ ವಿಭಾಗಗಳನ್ನು ಮಾತ್ರ ನಕಲು ಮಾಡುವುದು. ಬೂಟ್‌ಲೋಡರ್ (ಕರ್ನಲ್ ಅನ್ನು ಶುರು ಮಾಡುವ ಪ್ರೋಗ್ರಾಂ) ಮತ್ತು ಕರ್ನಲ್ ಇರುವುದು ಕಾರ್ಡಿನ ಶುರುವಿನಲ್ಲಿ, ಯಾವ ವಿಭಾಗಕ್ಕೂ ಸೇರದ ಜಾಗದಲ್ಲಿ. ಆದ್ದರಿಂದ ‘ಎಸ್‌ಡಿಬಿ1’ ಅಲ್ಲ, ‘ಎಸ್‌ಡಿಬಿ’ಯನ್ನೇ ನಕಲು ಮಾಡಬೇಕು. ನಿಮ್ಮಲ್ಲಿ ಕಾರ್ಡಿಗೆ ಯಾವ ಹೆಸರು ಬಂದಿದೆ ಎಂಬುದನ್ನು ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ‘ಡಿಡಿ’ಯಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಹೇಳದೆ ಕೇಳದೆ ಎಲ್ಲವನ್ನೂ ಅಳಿಸುತ್ತದೆ.

## ಹಂತ 2: ಸಾಧನದಿಂದ ನಾಲ್ಕು ಸಾಕ್ಷಿ

ಸೋರ್ಸ್ ಇಳಿಸುವ ಮೊದಲೇ ಈ ಕೆಲಸ ಮಾಡಿ. ಕ್ರಮ ತಪ್ಪುವುದು ಇಲ್ಲಿಂದಲೇ. ಸಾಧನಕ್ಕೆ ಎಸ್‌ಎಸ್‌ಎಚ್‌ನಲ್ಲಿ ಒಳಹೋಗಿ ಈ ನಾಲ್ಕನ್ನು ಕಂಪ್ಯೂಟರ್‌ಗೆ ತಂದುಕೊಳ್ಳಿ.

ಒಂದು, ‘ಯುನೇಮ್ -ಆರ್’ ಕೊಡುವ ಉತ್ತರ. ಅದರಲ್ಲಿ 4.1.15 ಆದ ಮೇಲೆ ಅಡ್ಡಗೆರೆ ಹಾಕಿ ಇನ್ನೇನಾದರೂ ಅಂಟಿಕೊಂಡಿದ್ದರೆ ಅದನ್ನೂ ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಿ.

ಎರಡು, ‘ಪ್ರಾಕ್’ ಫೋಲ್ಡರಿನ ‘ವರ್ಷನ್’ ಫೈಲ್. ಕರ್ನಲ್ ಯಾವ ಕಂಪೈಲರ್‌ನಿಂದ, ಯಾವ ದಿನ ಕಟ್ಟಿದ್ದು ಎಂದು ಅದರಲ್ಲಿರುತ್ತದೆ. ಕೊನೆಯ ಹಂತದಲ್ಲಿ ಇದೇ ಫೈಲ್ ಮತ್ತೆ ಬೇಕಾಗುತ್ತದೆ, ಎಸೆಯಬೇಡಿ.

ಮೂರು, ‘ಪ್ರಾಕ್’ ಫೋಲ್ಡರಿನಲ್ಲೇ ಇರುವ ‘ಕಾನ್ಫಿಗ್.ಜಿಝಡ್’. ಇದು ಓಡುತ್ತಿರುವ ಕರ್ನಲ್‌ನ ನಿಜವಾದ ಕಾನ್ಫಿಗ್, ಅಂದರೆ ಅದನ್ನು ಕಟ್ಟುವಾಗ ಯಾವ ಆಯ್ಕೆಗಳು ಆನ್ ಇದ್ದವು ಎಂಬ ಪಟ್ಟಿ. ಇದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಈ ಹೆಸರಿನ ಫೈಲ್ ಕಾಣದಿದ್ದರೆ ಇನ್ನೊಂದು ದಾರಿ ಇದೆ. ಕರ್ನಲ್ ಸೋರ್ಸ್‌ನ ‘ಸ್ಕ್ರಿಪ್ಟ್ಸ್’ ಫೋಲ್ಡರಿನಲ್ಲಿ ‘ಎಕ್ಸ್‌ಟ್ರಾಕ್ಟ್-ಐಕೆಕಾನ್ಫಿಗ್’ ಎಂಬ ಸ್ಕ್ರಿಪ್ಟ್ ಇದೆ. ಮೊದಲ ಹಂತದ ನಕಲಿನಿಂದ ಕರ್ನಲ್ ಭಾಗವನ್ನು ಕತ್ತರಿಸಿ ಅದಕ್ಕೆ ಕೊಟ್ಟರೆ, ಒಳಗೆ ಕಾನ್ಫಿಗ್ ಅಡಗಿದ್ದರೆ ಹೊರತೆಗೆಯುತ್ತದೆ. ಅದೂ ಆಗದಿದ್ದರೆ ತಯಾರಕರ ಸೋರ್ಸ್ ಜೊತೆ ಬಂದ ಕಾನ್ಫಿಗ್ ಬಳಸಬೇಕು. ಆಗ ಏಳನೇ ಹಂತದ ತಾಳೆಯನ್ನು ಎರಡು ಪಟ್ಟು ಎಚ್ಚರದಿಂದ ಮಾಡಿ.

ನಾಲ್ಕು, ಅಳತೆ ಮಾಡ್ಯೂಲ್. ಕ್ಲಾರಾ ಎಚ್‌ಡಿಯಲ್ಲಿ ವೈಫೈ ಡ್ರೈವರ್ ಒಂದು ಮಾಡ್ಯೂಲ್. ಅದು ‘ಡ್ರೈವರ್ಸ್’ ಫೋಲ್ಡರ್ ಒಳಗೆ, ‘ಎಂಎಕ್ಸ್6ಎಸ್‌ಎಲ್‌ಎಲ್-ಎನ್‌ಟಿಎಕ್ಸ್’ ಒಳಗೆ, ‘ವೈಫೈ’ ಎಂಬಲ್ಲಿ ‘8189ಎಫ್‌ಎಸ್.ಕೆಒ’ ಎಂಬ ಹೆಸರಿನಲ್ಲಿದೆ. ಅದರ ಒಂದು ಪ್ರತಿ ತನ್ನಿ. ಇದು ಆ ಕರ್ನಲ್‌ನಲ್ಲಿ ದಿನಾ ಲೋಡ್ ಆಗುತ್ತಿರುವ ಮಾಡ್ಯೂಲ್. ಅದರ ಅಳತೆ ಸರಿ ಇದೆ ಎಂಬುದರಲ್ಲಿ ಅನುಮಾನವೇ ಇಲ್ಲ.

ಇದೇ ಹೊತ್ತಿಗೆ ಇನ್ನೊಂದನ್ನು ನೋಡಿಬಿಡಿ. ಕಾನ್ಫಿಗ್‌ನಲ್ಲಿ ‘ಕಾನ್ಫಿಗ್_ಟನ್’ ಎಂಬ ಸಾಲಿನ ಮುಂದೆ ‘ವೈ’ ಇದ್ದರೆ ಆ ಡ್ರೈವರ್ ಕರ್ನಲ್‌ನಲ್ಲೇ ಸೇರಿದೆ ಎಂದರ್ಥ. ಆಗ ಸುಮ್ನೆ ಕಷ್ಟಪಡಬೇಕಾಗಿಲ್ಲ. ಎಷ್ಟೋ ಜನ ಇದನ್ನು ನೋಡದೆ ಎರಡು ದಿನ ಕಳೆದಿರುತ್ತಾರೆ.

## ಹಂತ 3: ಸರಿಯಾದ ಸೋರ್ಸ್

ಸಾಧನದ ಕರ್ನಲ್ 4.1.15 ಎಂದಿದೆ, ಹಾಗಾಗಿ ಕರ್ನಲ್‌ನ ಮೂಲ ತಾಣದಿಂದ 4.1.15 ಇಳಿಸಿದರೆ ಆಯ್ತಲ್ಲ ಎಂದು ಅನಿಸುತ್ತದೆ. ಆಗುವುದಿಲ್ಲ. ಸಂಖ್ಯೆ ಒಂದೇ ಆದರೂ ಒಳಗಿನದು ಬೇರೆ. ಚಿಪ್ ತಯಾರಕರು ಮತ್ತು ಸಾಧನ ಕಟ್ಟಿದವರು ಅದರ ಮೇಲೆ ತಮ್ಮ ಬದಲಾವಣೆಗಳನ್ನು ಹೊಲಿದಿದ್ದಾರೆ.

ಕೊಬೊ ತನ್ನ ಕರ್ನಲ್ ಸೋರ್ಸ್‌ಗಳನ್ನು ಗಿಟ್‌ಹಬ್‌ನಲ್ಲಿ ಕೊಬೊಲ್ಯಾಬ್ಸ್ ಎಂಬ ಖಾತೆಯ ಕೊಬೊ-ರೀಡರ್ ಸಂಗ್ರಹದಲ್ಲಿ ಇಟ್ಟಿದೆ. ‘ಎಚ್‌ಡಬ್ಲ್ಯು’ ಫೋಲ್ಡರಿನಲ್ಲಿ ಚಿಪ್ ಮತ್ತು ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಫೋಲ್ಡರ್‌ಗಳಿವೆ. ನಮಗೆ ಬೇಕಾದ್ದು ‘ಐಎಂಎಕ್ಸ್6ಎಸ್‌ಎಲ್‌ಎಲ್-ಕ್ಲಾರಾ’. ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ ಇರುವ 6ಎಸ್‌ಎಲ್ ಬೇರೆಯೇ ಚಿಪ್. ಅವಸರದಲ್ಲಿ ಅದನ್ನು ಇಳಿಸಿಕೊಳ್ಳಬೇಡಿ.

ಸೋರ್ಸ್ ಬಿಚ್ಚುವ ಜಾಗವೂ ಮುಖ್ಯ. ಕರ್ನಲ್ ಸೋರ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಬಿಟ್ಟರೆ ಒಂದೇ ಹೆಸರಿರುವ ಫೈಲ್ ಜೋಡಿಗಳಿವೆ, ಮುಖ್ಯವಾಗಿ ನೆಟ್‌ಫಿಲ್ಟರ್ (ನೆಟ್‌ವರ್ಕ್ ಪ್ಯಾಕೆಟ್ ಸೋಸುವ) ಭಾಗದಲ್ಲಿ. ವಿಂಡೋಸ್ ಡ್ರೈವ್‌ನಲ್ಲಿ ಅಥವಾ ಮ್ಯಾಕ್‌ನ ಮಾಮೂಲಿ ಡಿಸ್ಕ್‌ನಲ್ಲಿ ಬಿಚ್ಚಿದರೆ ಒಂದು ಫೈಲ್ ಇನ್ನೊಂದನ್ನು ನುಂಗುತ್ತದೆ. ವಿಂಡೋಸ್ ಒಳಗಿನ ಲಿನಕ್ಸ್ ಬಳಸುವವರು ಸಿ ಡ್ರೈವ್‌ನಲ್ಲಿ ಇಡದೆ ಲಿನಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಬಿಚ್ಚಿ. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗವೂ ಬೇಡ.

## ಹಂತ 4: ಕಂಪೈಲರ್

ಕೊಬೊ-ರೀಡರ್ ಸಂಗ್ರಹದಲ್ಲೇ ‘ಟೂಲ್‌ಚೈನ್’ ಫೋಲ್ಡರ್ ಇದೆ. ಅದರಲ್ಲಿ 2013ರ ಲಿನಾರೊ ಜಿಸಿಸಿ 4.8 ಎಂಬ ಕಂಪೈಲರ್ ಸಿಗುತ್ತದೆ. ನಿಮ್ಮ ಸಾಧನದ ‘ವರ್ಷನ್’ ಫೈಲ್ ಹೇಳುವ ಕಂಪೈಲರ್‌ಗೆ ಆದಷ್ಟು ಹತ್ತಿರದ್ದನ್ನು ಆರಿಸಿ. ಇವತ್ತಿನ ಹೊಸ ಜಿಸಿಸಿಯಿಂದ ಹಳೆಯ ಕರ್ನಲ್ ಕಟ್ಟಲು ಹೋದರೆ ದಾರಿಯುದ್ದಕ್ಕೂ ಎಡವುತ್ತೀರಿ.

ಲಿನಾರೊ ಬಿಚ್ಚಿ ಜಿಸಿಸಿ ಓಡಿಸಿದಾಗ, ಫೈಲ್ ಕಣ್ಣೆದುರೇ ಇದ್ದರೂ ‘ನೋ ಸಚ್ ಫೈಲ್’ ಎಂದು ಬಂದರೆ ಗಾಬರಿಯಾಗಬೇಡಿ. ಆ ಕಂಪೈಲರ್ 32 ಬಿಟ್‌ನದು, ನಿಮ್ಮ ಕಂಪ್ಯೂಟರ್ 64 ಬಿಟ್‌ನದು. ಅದಕ್ಕೆ ಬೇಕಾದ 32 ಬಿಟ್ ಸಿ ಲೈಬ್ರರಿ, ಸಿ++ ಲೈಬ್ರರಿ ಮತ್ತು ಝಡ್‌ಲಿಬ್ ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ತೊಡಕು ನಿಮ್ಮ ಕಂಪ್ಯೂಟರ್‌ನ ಸ್ವಂತ ಕಂಪೈಲರ್‌ನಿಂದ ಬರುತ್ತದೆ. ಕರ್ನಲ್ ಕಟ್ಟುವಾಗ ಕೆಲವು ಸಣ್ಣ ಪ್ರೋಗ್ರಾಂಗಳನ್ನು ಮೊದಲು ಕಂಪ್ಯೂಟರ್‌ಗಾಗಿಯೇ ಕಟ್ಟಿಕೊಳ್ಳಬೇಕು. ಅಲ್ಲಿ ಜಿಸಿಸಿ 10 ಅಥವಾ ಅದಕ್ಕಿಂತ ಹೊಸದು ಇದ್ದರೆ ‘ವೈವೈಲಾಕ್’ ಎರಡು ಸಲ ಬಂದಿದೆ ಎಂಬ ದೋಷ ಬರುತ್ತದೆ. 3.0.35 ಕರ್ನಲ್ ಇರುವ ಹಳೆಯ ಮಾದರಿಗಳಲ್ಲಾದರೆ ಹೊಸ ಪರ್ಲ್ ಕೂಡ ತಗಾದೆ ತೆಗೆಯುತ್ತದೆ. ಒಂದೊಂದನ್ನೇ ತಿದ್ದುತ್ತಾ ಕೂರಬಹುದು. ನನ್ನ ಸಲಹೆ ಅದಲ್ಲ. ಡಾಕರ್‌ನಲ್ಲಿ (ಕಂಪ್ಯೂಟರ್ ಒಳಗೇ ಬೇರೆ ಲಿನಕ್ಸ್ ವಾತಾವರಣ ಕೊಡುವ ಪ್ರೋಗ್ರಾಂ) ಉಬುಂಟು 16.04 ತೆಗೆದುಕೊಂಡು ಅದರೊಳಗೆ ಕಟ್ಟಿ. ಆ ಕಾಲದ ಸೋರ್ಸ್‌ಗೆ ಆ ಕಾಲದ ವಾತಾವರಣ ಸಿಕ್ಕರೆ ‘ವೈವೈಲಾಕ್’ ತೊಡಕು ಮಾಯವಾಗುತ್ತದೆ. 3.0.35ರ ಪರ್ಲ್ ತಗಾದೆ ಮಾತ್ರ 16.04ರಲ್ಲೂ ಉಳಿಯುತ್ತದೆ, ಅದನ್ನು ಕೈಯಿಂದಲೇ ತಿದ್ದಬೇಕು.

ಹಾರ್ಡ್ ಫ್ಲೋಟ್ ಕಂಪೈಲರ್ ಬೇಕೋ ಬೇಡವೋ ಎಂಬ ಚಿಂತೆ ಇಲ್ಲಿ ಬೇಡ. ಕರ್ನಲ್ ಮಾಡ್ಯೂಲ್ ದಶಮಾಂಶ ಲೆಕ್ಕ ಮಾಡುವುದಿಲ್ಲ. ಅದು ಮಾಮೂಲಿ ಪ್ರೋಗ್ರಾಂಗಳಿಗೆ ಮಾತ್ರ ಮುಖ್ಯ.

ಕಟ್ಟಲು ಕೂರುವ ಮೊದಲು ಟರ್ಮಿನಲ್‌ನಲ್ಲಿ ಎರಡು ವೇರಿಯೇಬಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ. ‘ಆರ್ಚ್’ಗೆ ‘ಆರ್ಮ್’ ಎಂಬ ಬೆಲೆ. ‘ಕ್ರಾಸ್_ಕಂಪೈಲ್’ಗೆ ಕಂಪೈಲರ್ ಹೆಸರಿನ ಮುಂಭಾಗ, ಕೊನೆಯ ಅಡ್ಡಗೆರೆ ಸೇರಿಸಿ. ಪ್ರತಿ ಸಲ ಆಜ್ಞೆಯ ಜೊತೆ ಬರೆಯುತ್ತೇನೆ ಎಂದುಕೊಳ್ಳಬೇಡಿ. ‘ಆರ್ಚ್’ ಕೊಡದೆ ಒಂದೇ ಒಂದು ಸಲ ‘ಮೇಕ್’ ಓಡಿಸಿದರೂ ಸಾಕು, ನಿಮ್ಮ ಆರ್ಮ್ ಕಾನ್ಫಿಗ್ ಇಂಟೆಲ್ ಕಂಪ್ಯೂಟರ್‌ನ ಕಾನ್ಫಿಗ್ ಆಗಿ ಬದಲಾಗಬಹುದು. ಅಚಾನಕ್ಕಾಗಿ ನೂರಾರು ಹೊಸ ಪ್ರಶ್ನೆಗಳನ್ನು ಕೇಳತೊಡಗಿದರೆ ಇದೇ ಆಗಿದೆ ಎಂದು ತಿಳಿಯಿರಿ. ತಕ್ಷಣ ನಿಲ್ಲಿಸಿ, ಕಾನ್ಫಿಗ್ ಅನ್ನು ಮತ್ತೆ ಮೂಲ ಪ್ರತಿಯಿಂದ ಹಾಕಿ.

## ಹಂತ 5: ಕಾನ್ಫಿಗ್ ಕೂರಿಸುವುದು

ಸಾಧನದಿಂದ ತಂದ ಕಾನ್ಫಿಗ್ ಅನ್ನು ಬಿಚ್ಚಿ, ಸೋರ್ಸ್‌ನ ಮೇಲಿನ ಫೋಲ್ಡರಿನಲ್ಲಿ ‘.ಕಾನ್ಫಿಗ್’ ಎಂಬ ಹೆಸರಿನಲ್ಲಿ ಇಡಿ. ಇನ್ನೊಂದು ಪ್ರತಿ ಹೊರಗಡೆ ಇರಲಿ. ಈಗ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ.

ಆಮೇಲೆ ‘ಸ್ಕ್ರಿಪ್ಟ್ಸ್’ ಫೋಲ್ಡರಿನ ‘ಡಿಫ್‌ಕಾನ್ಫಿಗ್’ನಿಂದ ಎರಡೂ ಪ್ರತಿಗಳನ್ನು ಹೋಲಿಸಿ. ಈ ಹೋಲಿಕೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸೋರ್ಸ್ ಸರಿ ಇದ್ದರೆ ಎರಡರ ನಡುವೆ ವ್ಯತ್ಯಾಸ ಇರಬಾರದು, ಇದ್ದರೂ ಒಂದೆರಡು ಸಾಲು. ಹತ್ತಿಪ್ಪತ್ತು ಸಾಲು ಬದಲಾಗಿದ್ದರೆ ಅದು ಸ್ಪಷ್ಟ ಎಚ್ಚರಿಕೆ. ಸಾಧನದ ಕಾನ್ಫಿಗ್ ಹೇಳುವ ಆಯ್ಕೆಗಳು ಈ ಸೋರ್ಸ್‌ನಲ್ಲಿ ಇಲ್ಲ, ಅಂದರೆ ನೀವು ಇಳಿಸಿದ್ದು ಬೇರೆ ಸೋರ್ಸ್. ಮೂರನೇ ಹಂತಕ್ಕೆ ವಾಪಸ್ ಹೋಗಿ.

ಟನ್ ಆಯ್ಕೆಯನ್ನು ಈಗಲೇ ಆನ್ ಮಾಡಬೇಡಿ. ಮೊದಲು ಏನೂ ಬದಲಿಸದ ಕರ್ನಲ್ ಸಾಧನದ ಕರ್ನಲ್‌ಗೆ ಹೊಂದುತ್ತದೆ ಎಂದು ತೋರಿಸಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ, ಹೊಂದದೇ ಹೋದಾಗ ತಪ್ಪು ಎಲ್ಲಿ ಎಂದು ತಿಳಿಯುವುದಿಲ್ಲ.

## ಹಂತ 6: ವರ್ಷನ್ ಸಾಲು

ಪ್ರತಿ ಮಾಡ್ಯೂಲ್‌ನ ಒಳಗೆ ‘ವರ್‌ಮ್ಯಾಜಿಕ್’ ಎಂಬ ಒಂದು ಸಾಲು ಇರುತ್ತದೆ. ಕಂಪ್ಯೂಟರ್‌ನಲ್ಲೇ ‘ಮಾಡ್‌ಇನ್ಫೋ’ಗೆ ಅಳತೆ ಮಾಡ್ಯೂಲ್ ಕೊಟ್ಟು ಆ ಸಾಲನ್ನು ಓದಿ. ಮೊದಲು ಕರ್ನಲ್ ವರ್ಷನ್, ಆಮೇಲೆ ‘ಎಸ್‌ಎಂಪಿ’, ‘ಪ್ರಿಎಂಪ್ಟ್’, ‘ಮಾಡ್_ಅನ್‌ಲೋಡ್’, ‘ಮಾಡ್‌ವರ್ಷನ್ಸ್’, ‘ಆರ್ಮ್‌ವಿ7’, ‘ಪಿ2ವಿ8’ ಇಂಥ ಪದಗಳು ಬರುತ್ತವೆ. ಪ್ರತಿಯೊಂದೂ ಕಾನ್ಫಿಗ್‌ನ ಒಂದು ಆಯ್ಕೆಯ ಗುರುತು. ಎಲ್ಲ ಪದಗಳೂ ಇರಲೇಬೇಕು ಎಂದಿಲ್ಲ. ಅಳತೆ ಮಾಡ್ಯೂಲ್‌ನಲ್ಲಿ ಯಾವುದು ಇದೆಯೋ ನಿಮ್ಮದರಲ್ಲೂ ಅದೇ ಇರಬೇಕು.

ಪದಗಳು ಕಾನ್ಫಿಗ್‌ನಿಂದ ತಾವಾಗಿ ಬರುತ್ತವೆ. ತಲೆನೋವು ಕೊಡುವುದು ವರ್ಷನ್ ಭಾಗ. ಸೋರ್ಸ್ ಒಂದು ಗಿಟ್ ಫೋಲ್ಡರಿನ ಒಳಗಿದ್ದರೆ ಬಿಲ್ಡ್ ತನ್ನಷ್ಟಕ್ಕೆ ಒಂದು ಕೂಡು ಚಿಹ್ನೆಯನ್ನೋ ಗಿಟ್‌ನ ಗುರುತನ್ನೋ ಕೊನೆಗೆ ಅಂಟಿಸುತ್ತದೆ. ಇದನ್ನು ತಡೆಯಲು ಸೋರ್ಸ್‌ನ ಮೇಲಿನ ಫೋಲ್ಡರಿನಲ್ಲಿ ‘.ಎಸ್‌ಸಿಎಂವರ್ಷನ್’ ಎಂಬ ಖಾಲಿ ಫೈಲ್ ಮಾಡಿ. ‘ಯುನೇಮ್’ ಉತ್ತರದಲ್ಲಿ 4.1.15 ಆದ ಮೇಲೆ ಏನಿತ್ತೋ ಅದನ್ನು ಕಾನ್ಫಿಗ್‌ನ ‘ಲೋಕಲ್‌ವರ್ಷನ್’ ಸಾಲಿನಲ್ಲಿ ಹಾಗೇ ಬರೆಯಿರಿ. ಈಗ ‘ಮೇಕ್ ಕರ್ನಲ್‌ರಿಲೀಸ್’ ಓಡಿಸಿ. ಬಂದ ಉತ್ತರ ಮತ್ತು ‘ಯುನೇಮ್ -ಆರ್’ ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ವರ್‌ಮ್ಯಾಜಿಕ್‌ನಲ್ಲಿ ‘ಮಾಡ್‌ವರ್ಷನ್ಸ್’ ಇದ್ದರೆ ಕರ್ನಲ್ ಲೋಡ್ ಮಾಡುವಾಗ ವರ್ಷನ್ ಭಾಗವನ್ನು ನೋಡುವುದಿಲ್ಲ, ಉಳಿದ ಪದಗಳನ್ನು ಮಾತ್ರ ನೋಡುತ್ತದೆ. ಆದರೂ ಹೊಂದಿಸಿಕೊಳ್ಳಿ. ಆಮೇಲೆ ದೋಷ ಹುಡುಕುವಾಗ ಒಂದು ಅನುಮಾನ ಕಡಿಮೆ ಆಗುತ್ತದೆ.

## ಹಂತ 7: ಪೂರ್ತಿ ಕಟ್ಟಿ, ತಾಳೆ ನೋಡಿ

‘ಒಂದು ಮಾಡ್ಯೂಲ್‌ಗಾಗಿ ಪೂರ್ತಿ ಕರ್ನಲ್ ಯಾಕೆ ಕಟ್ಟಬೇಕು, ಮಾಡ್ಯೂಲ್ ಕಟ್ಟಲು ಸೋರ್ಸ್ ಅಣಿಮಾಡುವ ಮಾಡ್ಯೂಲ್ಸ್_ಪ್ರಿಪೇರ್ ಸಾಕಲ್ವಾ?’ ಎಂದು ಕೇಳುವವರು ಜಾಸ್ತಿ. ‘ಮಾಡ್‌ವರ್ಷನ್ಸ್’ ಇರುವ ಕರ್ನಲ್‌ಗೆ ಸಾಲದು. ಅಂಥ ಕರ್ನಲ್‌ನಲ್ಲಿ ಪ್ರತಿ ಸಿಂಬಲ್‌ಗೂ (ಮಾಡ್ಯೂಲ್‌ಗಳು ಬಳಸಬಹುದಾದ ಕರ್ನಲ್‌ನ ಫಂಕ್ಷನ್ ಅಥವಾ ಡೇಟಾದ ಹೆಸರಿಗೂ) ಒಂದು ಸಂಖ್ಯೆ ಇರುತ್ತದೆ. ಆ ಸಿಂಬಲ್ ಬಳಸುವ ಎಲ್ಲ ರಚನೆಗಳ ಆಕಾರದಿಂದ ಲೆಕ್ಕ ಹಾಕಿದ ಸಂಖ್ಯೆ ಅದು. ಇವೆಲ್ಲ ‘ಮಾಡ್ಯೂಲ್.ಸಿಮ್‌ವರ್ಸ್’ ಎಂಬ ಫೈಲಿಗೆ ಬರುತ್ತವೆ. ‘ಮಾಡ್ಯೂಲ್ಸ್_ಪ್ರಿಪೇರ್’ ಆ ಫೈಲ್ ಕೊಡುವುದಿಲ್ಲ. ಪೂರ್ತಿ ಬಿಲ್ಡ್ ಮಾತ್ರ ಕೊಡುತ್ತದೆ.

ಆದ್ದರಿಂದ ‘ಮೇಕ್’ಗೆ ‘ಝಡ್‌ಇಮೇಜ್’ ಮತ್ತು ‘ಮಾಡ್ಯೂಲ್ಸ್’ ಎರಡನ್ನೂ ಕೊಟ್ಟು ಓಡಿಸಿ. ನಾವು ಕಟ್ಟಿದ ಕರ್ನಲ್ ಅನ್ನು ಸಾಧನಕ್ಕೆ ಹಾಕುವುದಿಲ್ಲ. ಅದು ಅಳತೆ ನೋಡುವುದಕ್ಕೆ ಮಾತ್ರ.

ಈಗ ಈ ಇಡೀ ಕೆಲಸದ ಅತಿ ಮುಖ್ಯ ಘಳಿಗೆ. ಕಂಪ್ಯೂಟರ್‌ನಲ್ಲಿ ‘ಮಾಡ್‌ಪ್ರೋಬ್’ಗೆ ‘ಡಂಪ್-ಮಾಡ್‌ವರ್ಷನ್ಸ್’ ಎಂಬ ಆಯ್ಕೆ ಕೊಟ್ಟು ಅಳತೆ ಮಾಡ್ಯೂಲ್ ತೋರಿಸಿ. ಅದು ಬಳಸುವ ಪ್ರತಿ ಸಿಂಬಲ್ ಮತ್ತು ಅದರ ಸಂಖ್ಯೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ಮಾಡ್ಯೂಲ್_ಲೇಔಟ್’ ಎಂಬ ಸಾಲು ಹುಡುಕಿ. ಅದೇ ಹೆಸರನ್ನು ನಿಮ್ಮ ‘ಮಾಡ್ಯೂಲ್.ಸಿಮ್‌ವರ್ಸ್’ನಲ್ಲಿ ಹುಡುಕಿ. ಎರಡೂ ಸಂಖ್ಯೆ ಒಂದೇ ಆಗಿದ್ದರೆ ನೆಮ್ಮದಿಯಿಂದ ಉಸಿರಾಡಬಹುದು. ಆಮೇಲೆ ಪಟ್ಟಿಯ ಉಳಿದ ಸಿಂಬಲ್‌ಗಳನ್ನೂ ತಾಳೆ ನೋಡಿ. ವೈಫೈ ಡ್ರೈವರ್ ನೆಟ್‌ವರ್ಕ್ ಸಿಂಬಲ್‌ಗಳನ್ನು ಬಹಳ ಬಳಸುತ್ತದೆ, ಟನ್ ಕೂಡ ಅದೇ ಬಳಗದ್ದು. ಹಾಗಾಗಿ ಈ ತಾಳೆ ನಮಗೆ ಚೆನ್ನಾಗಿ ಒದಗುತ್ತದೆ.

ಸಂಖ್ಯೆ ಬೇರೆ ಬಂದರೆ ಮುಂದೆ ಹೋಗಬೇಡಿ. ಕಾರಣ ಮೂರರಲ್ಲಿ ಒಂದು: ಸೋರ್ಸ್ ಬೇರೆ, ಕಾನ್ಫಿಗ್ ಬೇರೆ, ಇಲ್ಲವೇ ಸಾಧನದ ಫರ್ಮ್‌ವೇರ್ ಆ ಸೋರ್ಸ್‌ಗಿಂತ ಹೊಸದು ಅಥವಾ ಹಳೆಯದು. ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಸೋತರೂ ನಷ್ಟವಿಲ್ಲ. ಇಲ್ಲಿ ಸೋಲುವುದೇ ಒಳ್ಳೆಯದು.

ಪಟ್ಟಿ ಖಾಲಿ ಬಂದರೆ ಆ ಕರ್ನಲ್‌ನಲ್ಲಿ ‘ಮಾಡ್‌ವರ್ಷನ್ಸ್’ ಇಲ್ಲ ಎಂದರ್ಥ. ಆಗ ವರ್‌ಮ್ಯಾಜಿಕ್ ಸಾಲು ಪೂರ್ತಿ ಹೊಂದಲೇಬೇಕು. ಅದು ಹೊಂದಿದರೆ ಕರ್ನಲ್ ಬೇರೇನೂ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತದೆ. ತಪ್ಪು ಹಿಡಿಯುವವರೇ ಇಲ್ಲದ ಕಾರಣ ಕಾನ್ಫಿಗ್ ವಿಷಯದಲ್ಲಿ ಊಹೆಗೆ ಜಾಗವೇ ಇರಬಾರದು.

## ಹಂತ 8: ಮಾಡ್ಯೂಲ್ ಆನ್ ಮಾಡುವುದು

‘ಮೇಕ್ ಮೆನುಕಾನ್ಫಿಗ್’ ತೆರೆದು ನೆಟ್‌ವರ್ಕ್ ಡ್ರೈವರ್‌ಗಳ ಭಾಗದಲ್ಲಿ ‘ಡಮ್ಮಿ’ ಮತ್ತು ‘ಟನ್’ ಎರಡಕ್ಕೂ ‘ಎಂ’ ಒತ್ತಿ. ‘ಡಮ್ಮಿ’ ಪರೀಕ್ಷೆಗೆ. ಯಾವ ಯಂತ್ರಾಂಶವನ್ನೂ ಮುಟ್ಟದ ಪುಟ್ಟ ಡ್ರೈವರ್ ಅದು. ಟನ್‌ಗಿಂತ ಮೊದಲು ಅದನ್ನು ಲೋಡ್ ಮಾಡುತ್ತೇವೆ.

ಉಳಿಸಿದ ಮೇಲೆ ಮತ್ತೆ ‘ಡಿಫ್‌ಕಾನ್ಫಿಗ್’ ಓಡಿಸಿ. ಈ ಎರಡು ಸಾಲು ಮಾತ್ರ ಬದಲಾಗಿರಬೇಕು. ‘ವೈ’ ಆಗಿ ಬೇರೆ ಯಾವುದಾದರೂ ಹೊಸ ಸಾಲು ಸೇರಿದ್ದರೆ ನಿಲ್ಲಿ. ನೀವು ಆರಿಸಿದ್ದು ಕರ್ನಲ್‌ನ ಹೊಟ್ಟೆಯೊಳಗೇ ಬದಲಾವಣೆ ಕೇಳುತ್ತಿದೆ. ಸಾಧನದ ಕರ್ನಲ್‌ನಲ್ಲಿ ಆ ಬದಲಾವಣೆ ಇಲ್ಲ.

ಇದಕ್ಕಿಂತ ಮೋಸದ ಸಂದರ್ಭ ಒಂದಿದೆ, ಅದನ್ನು ಬಿಡಿಸಿ ಹೇಳಬೇಕು. ವಿಪಿಎನ್ ಜೊತೆಗೆ ಐಪಿಟೇಬಲ್ಸ್ (ಫೈರ್‌ವಾಲ್) ಕೂಡ ಬೇಕು ಎಂದು ಹಲವರು ನೆಟ್‌ವರ್ಕ್ ಸಂಪರ್ಕಗಳ ಲೆಕ್ಕ ಇಡುವ ‘ಕಾನ್‌ಟ್ರ್ಯಾಕ್’ ಅನ್ನು ‘ಎಂ’ ಆಗಿ ಆನ್ ಮಾಡುತ್ತಾರೆ. ನೋಡಲು ಅದೂ ಮಾಡ್ಯೂಲ್. ಆದರೆ ಅದನ್ನು ಆನ್ ಮಾಡಿದ ಕೂಡಲೇ ನೆಟ್‌ವರ್ಕ್ ಪ್ಯಾಕೆಟ್ ಹಿಡಿಯುವ ಮುಖ್ಯ ರಚನೆಗೆ, ಅಂದರೆ ‘ಎಸ್‌ಕೆ_ಬಫ್’ಗೆ, ಒಂದು ಹೊಸ ಅಂಶ ಸೇರುತ್ತದೆ. ಅದರ ನಂತರದ ಅಂಶಗಳೆಲ್ಲ ಜಾಗ ಬದಲಿಸುತ್ತವೆ. ಸಾಧನದ ಕರ್ನಲ್ ಹಳೆಯ ಜಾಗದಲ್ಲಿ ಬರೆಯುತ್ತದೆ, ನಿಮ್ಮ ಮಾಡ್ಯೂಲ್ ಹೊಸ ಜಾಗದಲ್ಲಿ ಓದುತ್ತದೆ. ‘ಮಾಡ್‌ವರ್ಷನ್ಸ್’ ಇದ್ದರೆ ಕರ್ನಲ್ ಇದನ್ನು ತಡೆಯುತ್ತದೆ. ಇಲ್ಲದಿದ್ದರೆ ಮೆಮೊರಿ ಸದ್ದಿಲ್ಲದೆ ಹಾಳಾಗುತ್ತದೆ. ಹಾಗಾಗಿ ‘ಎಂ’ ಹಾಕಿದ್ದೆಲ್ಲ ಹೊರಗಿನಿಂದ ಸೇರಿಸಬಹುದಾದ ಮಾಡ್ಯೂಲ್ ಎಂದು ನಂಬಬೇಡಿ. ಸಾಧನದ ಕರ್ನಲ್‌ನಲ್ಲಿ ಆಗಲೇ ಕಾನ್‌ಟ್ರ್ಯಾಕ್ ಇಲ್ಲದಿದ್ದರೆ, ಕರ್ನಲ್ ಅನ್ನೇ ಬದಲಿಸದೆ ಅದು ಆಗದ ಕೆಲಸ.

‘ಮೇಕ್ ಮಾಡ್ಯೂಲ್ಸ್’ ಓಡಿಸಿ. ಮುಗಿದ ಮೇಲೆ ‘ಮಾಡ್ಯೂಲ್_ಲೇಔಟ್’ ಸಂಖ್ಯೆ ಇನ್ನೂ ಅದೇ ಇದೆಯೇ ನೋಡಿ. ಹೊಸ ‘ಟನ್.ಕೆಒ’ದ ವರ್‌ಮ್ಯಾಜಿಕ್ ಅನ್ನು ಅಳತೆ ಮಾಡ್ಯೂಲ್‌ನದಕ್ಕೆ ಪಕ್ಕಪಕ್ಕ ಇಟ್ಟು ಹೋಲಿಸಿ.

ಫೈಲ್ ದೊಡ್ಡದಾಯಿತು ಎಂದು ‘ಸ್ಟ್ರಿಪ್’ ಆಜ್ಞೆಯಿಂದ ಕುಗ್ಗಿಸುವುದಾದರೆ ಡೀಬಗ್ ಮಾಹಿತಿ ಮಾತ್ರ ತೆಗೆಯುವ ಆಯ್ಕೆ ಕೊಡಿ, ಅದೂ ಆರ್ಮ್ ಟೂಲ್‌ಚೈನ್‌ನ ಸ್ಟ್ರಿಪ್‌ನಿಂದ. ಎಲ್ಲ ಸಿಂಬಲ್ ತೆಗೆದರೆ ಮಾಡ್ಯೂಲ್ ಲೋಡ್ ಆಗುವುದೇ ಇಲ್ಲ.

## ಹಂತ 9: ಸಾಧನದಲ್ಲಿ ಲೋಡ್

ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ. ಎರಡೂ ಫೈಲುಗಳನ್ನು ಯುಎಸ್‌ಬಿ ಮೂಲಕ ‘.ಆಡ್ಸ್’ ಫೋಲ್ಡರಿಗೆ ಹಾಕಿ, ಸರಿಯಾಗಿ ಎಜೆಕ್ಟ್ ಮಾಡಿ ಕೇಬಲ್ ತೆಗೆಯಿರಿ. ಸಾಧನದ ಒಳಗಿನಿಂದ ನೋಡಿದರೆ ಆ ಫೋಲ್ಡರ್ ‘ಎಂಎನ್‌ಟಿ’ ಒಳಗೆ ‘ಆನ್‌ಬೋರ್ಡ್’ ಎಂಬಲ್ಲಿ ಕಾಣುತ್ತದೆ.

ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಮೊದಲು ‘ಸಿಂಕ್’ ಕೊಡಿ, ಬಾಕಿ ಇರುವುದೆಲ್ಲ ಕಾರ್ಡಿಗೆ ಬರೆದುಹೋಗಲಿ. ‘ಇನ್ಸ್‌ಮಾಡ್’ನಿಂದ ಡಮ್ಮಿ ಲೋಡ್ ಮಾಡಿ. ಕೂಡಲೇ ‘ಡಿಮೆಸೇಜ್’ನ (ಕರ್ನಲ್‌ನ ಸಂದೇಶ ತೋರಿಸುವ ಆಜ್ಞೆ, ಟೈಪ್ ಮಾಡುವಾಗ ಡಿ-ಎಂ-ಇ-ಎಸ್-ಜಿ) ಕೊನೆಯ ಸಾಲುಗಳನ್ನು ಓದಿ. ‘ಇಫ್‌ಕಾನ್ಫಿಗ್ -ಎ’ಯಲ್ಲಿ ‘ಡಮ್ಮಿ0’ ಕಂಡರೆ ಗೆದ್ದಿರಿ. ‘ಆರ್‌ಎಂಮಾಡ್’ನಿಂದ ತೆಗೆದು, ಮತ್ತೆ ಲೋಡ್ ಮಾಡಿ, ಮತ್ತೆ ತೆಗೆಯಿರಿ. ಎರಡು ಸಲವೂ ಸಾಧನ ಗಟ್ಟಿಯಾಗಿದ್ದರೆ ಟನ್ ಲೋಡ್ ಮಾಡಿ.

ಟನ್ ಲೋಡ್ ಆದರೂ ವಿಪಿಎನ್ ಪ್ರೋಗ್ರಾಂ ‘ಡೆವ್/ನೆಟ್/ಟನ್ ಇಲ್ಲ’ ಎನ್ನಬಹುದು. ಆಗ ‘ಡೆವ್’ ಒಳಗೆ ‘ನೆಟ್’ ಎಂಬ ಫೋಲ್ಡರ್ ಮಾಡಿ. ಅದರಲ್ಲಿ ‘ಎಂಕೆನಾಡ್’ನಿಂದ ‘ಟನ್’ ಎಂಬ ಕ್ಯಾರೆಕ್ಟರ್ ನೋಡ್ ಮಾಡಿ, ಸಂಖ್ಯೆಗಳು 10 ಮತ್ತು 200.

## ದೋಷದ ಸಾಲನ್ನು ಓದುವುದು

‘ಇನ್ಸ್‌ಮಾಡ್’ ಹೇಳುವ ಒಂದು ಸಾಲಿಗೆ ನಿಲ್ಲಬೇಡಿ. ನಿಜವಾದ ಕಾರಣ ಯಾವಾಗಲೂ ‘ಡಿಮೆಸೇಜ್’ನಲ್ಲಿ ಇರುತ್ತದೆ.

‘ವರ್ಷನ್ ಮ್ಯಾಜಿಕ್’ ಹೀಗಿದೆ, ಹಾಗಿರಬೇಕಿತ್ತು ಎಂದು ಎರಡೂ ಸಾಲು ತೋರಿಸಿದರೆ ಆರನೇ ಹಂತದಲ್ಲಿ ತಪ್ಪಿದೆ. ಯಾವ ಪದ ಬೇರೆ ಎಂದು ಅಲ್ಲೇ ಕಾಣುತ್ತದೆ.

‘ಮಾಡ್ಯೂಲ್_ಲೇಔಟ್ ಸಿಂಬಲ್‌ನ ವರ್ಷನ್ ಒಪ್ಪುತ್ತಿಲ್ಲ’ ಎಂದರೆ ಏಳನೇ ಹಂತ ಬಿಟ್ಟುಹೋಗಿದೆ.

‘ಅನ್‌ನೋನ್ ಸಿಂಬಲ್’ ಎಂದು ಬಂದರೆ ಪಕ್ಕದಲ್ಲಿರುವ ‘ಎರ್’ ಸಂಖ್ಯೆ ನೋಡಿ. 0 ಇದ್ದರೆ ಆ ಸಿಂಬಲ್ ಸಿಕ್ಕೇ ಇಲ್ಲ, ಅದನ್ನು ಕೊಡುವ ಇನ್ನೊಂದು ಮಾಡ್ಯೂಲ್ ಮೊದಲು ಲೋಡ್ ಆಗಬೇಕು. -22 ಇದ್ದರೆ ಸಿಂಬಲ್ ಇದೆ, ಸಂಖ್ಯೆ ಹೊಂದಿಲ್ಲ. ನೀವೇ ಬರೆದ ಮಾಡ್ಯೂಲ್ ಆಗಿದ್ದರೆ ಲೈಸೆನ್ಸ್ ಸಾಲು ಮರೆತಿರಬಹುದು. ಜಿಪಿಎಲ್ (ಕರ್ನಲ್‌ನ ಮುಕ್ತ ಲೈಸೆನ್ಸ್) ಎಂದು ಹೇಳದ ಮಾಡ್ಯೂಲ್‌ಗೆ ಕೆಲವು ಸಿಂಬಲ್‌ಗಳನ್ನು ಕರ್ನಲ್ ಕೊಡುವುದಿಲ್ಲ.

‘ಊಪ್ಸ್’ ಎಂಬ ಪದ ಕಂಡರೆ ಅಥವಾ ‘ಇನ್ಸ್‌ಮಾಡ್’ ಅರ್ಧಕ್ಕೆ ಸತ್ತರೆ, ಸಾಧನ ಮಾಮೂಲಿನಂತೆ ಕಂಡರೂ ನಂಬಬೇಡಿ. ಮಾಡ್ಯೂಲ್ ತೆಗೆಯಲು ಹೋಗಬೇಡಿ, ಪುಸ್ತಕ ತೆರೆಯಬೇಡಿ. ಸಂದೇಶವನ್ನು ನಕಲು ಮಾಡಿಕೊಂಡು ಕೂಡಲೇ ರೀಬೂಟ್ ಮಾಡಿ.

ಇನ್ನು ಬಲವಂತದ ಲೋಡ್. ವರ್‌ಮ್ಯಾಜಿಕ್ ಹೊಂದದಿದ್ದಾಗ ಫೋರ್ಸ್ ಆಯ್ಕೆ ಕೊಡುವುದು, ಇಲ್ಲವೇ ಹೆಕ್ಸ್ ಎಡಿಟರ್‌ನಲ್ಲಿ ಆ ಸಾಲನ್ನೇ ತಿದ್ದುವುದು ಸುಲಭವಾಗಿ ಕಾಣುತ್ತದೆ. ನಾನೂ ಒಮ್ಮೆ ಮಾಡಿದ್ದೇನೆ. ಮಾಡ್ಯೂಲ್ ಲೋಡ್ ಆಯಿತು, ಒಂದು ಗಂಟೆ ಚೆನ್ನಾಗಿಯೇ ಓಡಿತು. ಆಮೇಲೆ ಸಾಧನ ಹೆಪ್ಪುಗಟ್ಟಿದಂತೆ ನಿಂತಿತು, ಎದ್ದಾಗ ಪುಸ್ತಕಗಳ ಡೇಟಾಬೇಸ್ ಹಾಳಾಗಿತ್ತು. ಎರಡು ವರ್ಷದ ಟಿಪ್ಪಣಿಗಳು ಹೋದವು. ಕರ್ನಲ್ ಬೇಡ ಎಂದಾಗ ಅದಕ್ಕೆ ಕಾರಣ ಇರುತ್ತದೆ, ದಯವಿಟ್ಟು ಅದರ ಮಾತು ಕೇಳಿ.

## ಹಂತ 10: ತಾನಾಗಿ ಲೋಡ್ ಆಗುವಂತೆ ಮಾಡುವುದು

ಒಂದು ವಾರ ಕೈಯಿಂದಲೇ ಲೋಡ್ ಮಾಡಿ ಬಳಸಿ. ಅದಕ್ಕೂ ಮೊದಲು ಬೂಟ್ ಸ್ಕ್ರಿಪ್ಟ್ ಮುಟ್ಟಬೇಡಿ. ಬೂಟ್ ಆಗುವಾಗಲೇ ಮಾಡ್ಯೂಲ್ ಕರ್ನಲ್ ಅನ್ನು ಕೆಡವಿದರೆ ಸಾಧನ ಎದ್ದು ಬಿದ್ದು, ಎದ್ದು ಬಿದ್ದು ಮಾಡುತ್ತಲೇ ಇರುತ್ತದೆ. ಆಗ ಮತ್ತೆ ಮುಚ್ಚಳ ತೆಗೆದು ಕಾರ್ಡ್ ಹೊರಗೆ ತೆಗೆಯಬೇಕು. ಕೊಬೊದ ಮೆನುವಿಗೆ ನಮ್ಮ ಆಯ್ಕೆಗಳನ್ನು ಸೇರಿಸುವ ನಿಕಲ್‌ಮೆನು ಹಾಕಿಕೊಂಡು, ಅದರ ಮೆನುವಿನಿಂದ ಸ್ಕ್ರಿಪ್ಟ್ ಓಡಿಸುವುದು ನನಗೆ ಸರಿ ಎನಿಸಿದ ದಾರಿ. ಒಂದು ಸಲ ಬೆರಳು ಒತ್ತುವುದರಲ್ಲಿ ಕಷ್ಟವೇನಿಲ್ಲ.

ಬೂಟ್‌ನಲ್ಲೇ ಬೇಕು ಎನ್ನುವವರು ಸ್ಕ್ರಿಪ್ಟ್‌ನಲ್ಲಿ ಎರಡು ಕಾವಲು ಇಡಿ. ಮೊದಲನೆಯದು ಗುರುತಿನ ಫೈಲ್. ಲೋಡ್ ಮಾಡುವ ಮೊದಲು ಸ್ಕ್ರಿಪ್ಟ್ ಒಂದು ಖಾಲಿ ಫೈಲ್ ಮಾಡಿ ‘ಸಿಂಕ್’ ಕೊಡಬೇಕು. ಲೋಡ್ ಆಗಿ ಹತ್ತು ಸೆಕೆಂಡ್ ಕಳೆದ ಮೇಲೆ ಅದನ್ನು ಅಳಿಸಬೇಕು. ಶುರುವಿನಲ್ಲೇ ಆ ಫೈಲ್ ಕಂಡರೆ ಹಿಂದಿನ ಸಲ ಏನೋ ಕೆಟ್ಟಿದೆ, ಸ್ಕ್ರಿಪ್ಟ್ ಏನೂ ಮಾಡದೆ ಹೊರಬರಬೇಕು.

ಎರಡನೆಯದು ಕರ್ನಲ್‌ನ ಗುರುತು. ಎರಡನೇ ಹಂತದಲ್ಲಿ ಉಳಿಸಿದ ‘ವರ್ಷನ್’ ಫೈಲನ್ನು ಸಾಧನದಲ್ಲಿ ಮಾಡ್ಯೂಲ್ ಪಕ್ಕದಲ್ಲೇ ಇಡಿ. ಲೋಡ್ ಮಾಡುವ ಮೊದಲು ಸ್ಕ್ರಿಪ್ಟ್ ಅದನ್ನು ‘ಪ್ರಾಕ್’ನ ‘ವರ್ಷನ್’ ಜೊತೆ ಹೋಲಿಸಬೇಕು. ಒಂದಕ್ಷರ ಬೇರೆಯಾದರೂ ಲೋಡ್ ಬೇಡ. ಫರ್ಮ್‌ವೇರ್ ಅಪ್‌ಡೇಟ್ ಬಂದಾಗ ಕರ್ನಲ್ ಕೂಡ ಬದಲಾಗಬಹುದು, 4.1.15 ಎಂಬ ಸಂಖ್ಯೆ ಹಾಗೇ ಉಳಿದು ಕಟ್ಟಿದ ದಿನಾಂಕ ಮಾತ್ರ ಬೇರೆಯಾಗಿರಬಹುದು. ‘ಯುನೇಮ್ -ಆರ್’ ಒಂದನ್ನೇ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಹಾಗಾದ ದಿನ ಹೊಸ ಅಳತೆ ಮಾಡ್ಯೂಲ್ ತಂದು, ಎರಡನೇ ಹಂತದಿಂದ ಮತ್ತೆ ಶುರು ಮಾಡಿ.